ದಪ್ಪದ ಲೆಕ್ಕ: 1/24 ಅಳತೆಯಲ್ಲಿ ಎರಡು ಬೀಟಲ್ ಕಾರುಗಳು

ಫೋಕ್ಸ್‌ವ್ಯಾಗನ್ ಬೀಟಲ್‌ನ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2400 ಮಿಲಿಮೀಟರ್. 1/24 ಅಳತೆ ಎಂದರೆ ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಭಾಗ; 2400ನ್ನು 24ರಿಂದ ಭಾಗಿಸಿದರೆ ಸರಿಯಾಗಿ 100. ಮಾದರಿ ಕಾರು ಕಟ್ಟುವವರಿಗೆ ಇಂಥ ಸಲೀಸಾದ ಲೆಕ್ಕ ಅಪರೂಪ. ಶಾಲೆಯ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಇದ್ದರೂ ಸಾಕು, ಕಿಟ್ (ಬಿಡಿ ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸಿ ಕಾರು ಕಟ್ಟುವ ಪೆಟ್ಟಿಗೆ) ಹೇಳಿಕೊಂಡ ಅಳತೆಯಲ್ಲೇ ಇದೆಯೋ ಇಲ್ಲವೋ ಎಂದು ಪೆಟ್ಟಿಗೆ ತೆರೆದ ದಿನವೇ ಪರೀಕ್ಷಿಸಬಹುದು. 1/25ರ ಕಿಟ್ ಆಗಿದ್ದರೆ 96 ಬರಬೇಕು, 1/16 ಆದರೆ 150.

ಈ ಪರೀಕ್ಷೆ ಅನಗತ್ಯ ಅನ್ನಿಸಬಹುದು. ಆದರೆ ಹಿಂದೊಂದು ಕಾಲದಲ್ಲಿ ಪೆಟ್ಟಿಗೆಯ ಗಾತ್ರ ಮೊದಲು ನಿಗದಿಯಾಗಿ, ಕಾರು ಅದರೊಳಗೆ ಹಿಡಿಯುವಷ್ಟು ಕುಗ್ಗುತ್ತಿತ್ತು. ಅಮೆರಿಕದ ಕಿಟ್‌ಗಳು ಬಹಳಷ್ಟು 1/25ರಲ್ಲಿ ಬಂದವು. ಜಪಾನ್ ಮತ್ತು ಯುರೋಪಿನವು 1/24ರಲ್ಲಿ. ಭಿನ್ನರಾಶಿಯಲ್ಲಿ ನೋಡಿದರೆ ವ್ಯತ್ಯಾಸ ಕ್ಷುಲ್ಲಕ. ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರೆ ಬೀಟಲ್‌ನಂಥ ನಾಲ್ಕು ಮೀಟರ್ ಚಿಲ್ಲರೆ ಉದ್ದದ ಕಾರಿನಲ್ಲಿ ಸುಮಾರು ಏಳು ಮಿಲಿಮೀಟರ್ ಕಡಿಮೆ ಬೀಳುತ್ತದೆ. ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ.

ನನ್ನ ಮೇಜಿನ ಮೇಲಿರುವುದು ಎರಡು ಕಿಟ್. ಒಂದು ಜಪಾನಿನ ಶಿಜುಒಕಾದ ತಮಿಯಾ ಕಂಪನಿಯ 1966ರ ಮಾದರಿಯ ಬೀಟಲ್ 1300. ಇನ್ನೊಂದು ಜರ್ಮನಿಯ ರೆವೆಲ್ ತಂದ 1968ರ ಬೀಟಲ್ 1500. ಎರಡೂ 1/24. ಹೆಸರು ಒಂದೇ ಆದರೂ ಇವು ಒಂದೇ ಕಾರಲ್ಲ. ಹೋಲಿಕೆಗೆ ಕೂರುವ ಮೊದಲು ಇದನ್ನು ಮನದಟ್ಟು ಮಾಡಿಕೊಳ್ಳದಿದ್ದರೆ, 1968ರ ಕಾರಿನಲ್ಲಿ ಸಹಜವಾಗಿ ಇರಬೇಕಾದುದನ್ನೇ ಕಿಟ್‌ನ ದೋಷವೆಂದು ಬರೆಯುವ ಅಪಾಯವಿದೆ.

ಫೋಕ್ಸ್‌ವ್ಯಾಗನ್‌ನ ವುಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ ಹೊಸ ವರ್ಷದ ಮಾದರಿ ಬೇಸಿಗೆ ರಜೆ ಮುಗಿದ ಮೇಲೆ, ಆಗಸ್ಟ್‌ನಲ್ಲಿ, ಶುರುವಾಗುತ್ತಿತ್ತು. ಹಾಗಾಗಿ 1965ರ ಆಗಸ್ಟ್‌ನಲ್ಲಿ ಹೊರಬಂದ ಕಾರು '1966ರ ಮಾದರಿ'. ಆ ವರ್ಷ 1285 ಸಿಸಿಯ ಎಂಜಿನ್ ಬಂತು, ಹಿಂಭಾಗದ ಎಂಜಿನ್ ಮುಚ್ಚಳದ ಮೇಲೆ 1300 ಎಂಬ ಅಂಕಿ ಬಂತು, ಚಕ್ರದ ಬಟ್ಟಲಿನಲ್ಲಿ ಗಾಳಿಕಿಂಡಿಗಳು ಬಂದವು, ಚಕ್ರದ ನಡುವನ್ನು ಮುಚ್ಚುವ ಹಬ್‌ಕ್ಯಾಪ್ ಉಬ್ಬು ಕಳೆದುಕೊಂಡು ಚಪ್ಪಟೆಯಾಯಿತು. ಹೆಡ್‌ಲೈಟ್ ಮಾತ್ರ ಇನ್ನೂ ಹಳೆಯ ರೀತಿಯದೇ, ಮಡ್‌ಗಾರ್ಡ್‌ನ ಇಳಿಜಾರಿಗೆ ಹೊಂದಿಕೊಂಡು ಹಿಂದಕ್ಕೆ ವಾಲಿದ್ದು. 1968ರ ಹೊತ್ತಿಗೆ ಮುಖವೇ ಬದಲಾಯಿತು. ಹೆಡ್‌ಲೈಟ್ ನೆಟ್ಟಗೆ ನಿಂತಿತು. ಬಾಗಿದ ತೆಳು ಬಂಪರ್ ಹೋಗಿ ಚೌಕಾಕಾರದ ಬಂಪರ್ ಎತ್ತರಕ್ಕೆ ಏರಿತು. ಅದಕ್ಕೆ ಜಾಗ ಬಿಡಲು ಬಾನೆಟ್ಟೂ ಹಿಂದಿನ ಮುಚ್ಚಳವೂ ಗಿಡ್ಡವಾದವು. ಪೆಟ್ರೋಲ್ ತುಂಬಿಸಲು ಬಾನೆಟ್ ಎತ್ತಬೇಕಾಗಿದ್ದದ್ದು ತಪ್ಪಿ, ಬಲಬದಿಯಲ್ಲಿ ಹೊರಗಡೆಯೇ ಒಂದು ಪುಟ್ಟ ಮುಚ್ಚಳ ಬಂತು. ಆದ್ದರಿಂದ ಒಂದು ಕಿಟ್‌ನ ಬಂಪರನ್ನು ಇನ್ನೊಂದಕ್ಕೆ ಹಾಕಿ ವರ್ಷ ಬದಲಿಸುತ್ತೇನೆ ಎನ್ನುವವರು ಮಡ್‌ಗಾರ್ಡ್, ಮುಚ್ಚಳ, ಬಾಡಿ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ನನಗೆ 1966ರ ಮುಖವೇ ಇಷ್ಟ. ಅದನ್ನೇ ಮೊದಲು ಕಟ್ಟಿದೆ.

ಹೋಲಿಸುವುದು ಯಾವುದನ್ನು

ಕಿಟ್ ಹೋಲಿಕೆ ಎಂದರೆ ಭಾಗಗಳ ಸಂಖ್ಯೆ, ಬೆಲೆ, ಡೆಕಾಲ್ (ಅಂಟಿಸುವ ಚಿತ್ರಗಳ) ಹಾಳೆ ಇಷ್ಟನ್ನೇ ಪಟ್ಟಿ ಮಾಡುವುದು ರೂಢಿ. ಭಾಗ ಹೆಚ್ಚಿದ್ದರೆ ಕಾರು ಹೆಚ್ಚು ನಿಜವಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ನಾನು ನೋಡುವುದು ಎರಡೇ ಸಂಗತಿ: ಚಾವಣಿಯ ಬಾಗು ಸರಿಯಿದೆಯೇ, ಮತ್ತು ಪ್ಲಾಸ್ಟಿಕ್ ಎಲ್ಲೆಲ್ಲಿ ದಪ್ಪವಾಗಿ ಕಾಣುತ್ತದೆ.

ಬಾಗು ಕಿಟ್ ತಯಾರಿಸಿದವರ ಕೈಯಲ್ಲಿದೆ. ಅದು ತಪ್ಪಿದ್ದರೆ ನಾವು ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಬೀಟಲ್‌ನಲ್ಲಿ ನೇರ ಗೆರೆ ಎಂಬುದೇ ಕಡಿಮೆ. ಮುಂದಿನ ಗಾಜಿನ ಮೇಲಂಚಿನಿಂದ ಹಿಂದಿನ ಬಂಪರ್‌ವರೆಗೆ ಒಂದೇ ಉಸಿರಿನಲ್ಲಿ ಇಳಿಯುವ ಗೆರೆ ಅದರ ಜೀವ. ಬದಿಯಿಂದ ತೆಗೆದ ನಿಜವಾದ ಕಾರಿನ ಚಿತ್ರವನ್ನು 170 ಮಿಲಿಮೀಟರ್ ಉದ್ದಕ್ಕೆ ಮುದ್ರಿಸಿ, ಅದರ ಮುಂದೆ ಬಾಡಿಯನ್ನು ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ದೂರದಿಂದ, ಉದ್ದ ಲೆನ್ಸ್‌ನಲ್ಲಿ ತೆಗೆದ ಚಿತ್ರವೇ ಬೇಕು. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದದ್ದರಲ್ಲಿ ಮಧ್ಯಭಾಗ ಉಬ್ಬಿ ತುದಿಗಳು ಕುಗ್ಗಿರುತ್ತವೆ. ತಮಿಯಾದ ಚಾವಣಿ ನನ್ನ ಕಣ್ಣಿಗೆ ತೃಪ್ತಿ ಕೊಟ್ಟಿತು. ರೆವೆಲ್‌ನದೂ ಚೆನ್ನಾಗಿಯೇ ಇದೆ. ಜೋಡಣೆಯ ನಿಖರತೆಯಲ್ಲಿ ಮಾತ್ರ ತಮಿಯಾ ಮುಂದೆ: ಭಾಗಗಳು ಅಂಟು ಹಾಕುವ ಮೊದಲೇ ತಮ್ಮ ಜಾಗದಲ್ಲಿ ನಿಲ್ಲುತ್ತವೆ. ರೆವೆಲ್‌ನಲ್ಲಿ ಪ್ರತಿ ಜೋಡಣೆಯನ್ನೂ ಒಮ್ಮೆ ಒಣದಾಗಿಯೇ ಕೂರಿಸಿ, ಅಂಚು ಕೆರೆದು, ಮತ್ತೆ ಕೂರಿಸಿ ನೋಡಬೇಕು. ಬಣ್ಣದ ಸೂಚನೆಯಲ್ಲಿಯೂ ರೆವೆಲ್ ತನ್ನದೇ ಬಣ್ಣಗಳನ್ನು ಶೇಕಡಾವಾರು ಬೆರೆಸಲು ಹೇಳುತ್ತದೆ. ಆ ಬಣ್ಣಗಳು ಇಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ನಿಜವಾದ ಕಾರಿನ ಚಿತ್ರ ನೋಡಿ ನಿರ್ಧರಿಸುವುದೇ ಮೇಲು.

ದಪ್ಪದ ವಿಷಯ ಮಾತ್ರ ಪೂರ್ತಿ ಕಟ್ಟುವವರ ಜವಾಬ್ದಾರಿ. ಈ ಹವ್ಯಾಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ನಿಜವಾದ ಕಾರಿನಲ್ಲಿ ಬಾಗಿಲಿನ ಸುತ್ತ ಸುಮಾರು ನಾಲ್ಕು ಮಿಲಿಮೀಟರ್ ಸಂದು ಇರುತ್ತದೆ ಎಂದಿಟ್ಟುಕೊಳ್ಳಿ. 1/24ರಲ್ಲಿ ಅದು 0.17. ಕಿಟಕಿಯ ಗಾಜು ನಾಲ್ಕೈದು ಮಿಲಿಮೀಟರ್, ಅದು 0.2. ಸ್ಪಾರ್ಕ್ ಪ್ಲಗ್‌ಗೆ ಹೋಗುವ ತಂತಿ ಏಳು ಮಿಲಿಮೀಟರ್, ಅದು 0.3. ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಸ್ಟೈರೀನ್, ಅಂದರೆ ಕಿಟ್‌ನ ಪ್ಲಾಸ್ಟಿಕ್, ಒಂದು ಮಿಲಿಮೀಟರಿಗಿಂತ ತೆಳ್ಳಗಿದ್ದರೆ ಎಲ್ಲ ಕಡೆಗೂ ಹರಿಯುವುದೇ ಕಷ್ಟ. ಒಂದು ಮಿಲಿಮೀಟರ್ ಎಂದರೆ ನಿಜವಾದ ಕಾರಿನಲ್ಲಿ 24 ಮಿಲಿಮೀಟರ್. ಅಷ್ಟು ದಪ್ಪದ ತಗಡಿನಿಂದ ಯಾರೂ ಕಾರು ಮಾಡುವುದಿಲ್ಲ.

ಬಾಡಿ

ಎರಡು ಅಚ್ಚುಗಳು ಕೂಡುವಲ್ಲಿ ಪ್ಲಾಸ್ಟಿಕ್‌ನ ಮೇಲೆ ಕೂದಲೆಳೆಯಷ್ಟು ಏರು ಉಳಿಯುತ್ತದೆ. ಬೀಟಲ್‌ನಂಥ ದುಂಡು ಕಾರಿನಲ್ಲಿ ಅದು ಕಣ್ಣಿಗೆ ಬೀಳದ ಕಡೆ ಓಡಿರುತ್ತದೆ. ಬಣ್ಣ ಬಿದ್ದು ಹೊಳಪು ಬಂದ ಮೇಲೆ ಪ್ರತಿಬಿಂಬದಲ್ಲಿ ಎದ್ದು ಕಾಣುತ್ತದೆ. ಬೆರಳಿನಿಂದ ಹುಡುಕಿ, ಪೆನ್ಸಿಲ್‌ನಿಂದ ಗುರುತು ಮಾಡಿ, 800 ನಂಬರಿನ ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿದೆ. ಪೆನ್ಸಿಲ್ ಗುರುತು ಪೂರ್ತಿ ಮಾಯವಾದರೆ ಏರು ಹೋಯಿತು ಎಂದರ್ಥ. ಎರಡು ಬದಿ ಹೋಗಿ ನಡುವೆ ಗುರುತು ಉಳಿದರೆ ಅಲ್ಲಿ ತಗ್ಗಿದೆ. ಉಡುಪಿಯಲ್ಲಿ ನಾನು ಆಗಾಗ ಹೋಗಿ ನಿಲ್ಲುವ ಟಿಂಕರಿಂಗ್ ಅಂಗಡಿಯ ಹಿರಿಯ ಪೇಂಟರ್ ಒಬ್ಬರು "ನೀರು ಕಡಿಮೆಯಾದರೆ ಗೀರು ಹೆಚ್ಚಾಗುತ್ತದೆ ಮಾರಾಯರೇ" ಎಂದು ಹೇಳಿದ್ದರು. ದೊಡ್ಡ ಕಾರಿಗೆ ಹೇಳಿದ ಆ ಮಾತು ಅಂಗೈಯಗಲದ ಕಾರಿಗೂ ಅಕ್ಷರಶಃ ಸಲ್ಲುತ್ತದೆ. ಬಟ್ಟಲಿನಲ್ಲಿ ನೀರಿಟ್ಟುಕೊಂಡು, ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಸೇರಿಸಿಕೊಂಡು ಉಜ್ಜುತ್ತೇನೆ.

ಇದಾದ ಮೇಲೆ ಬಾಗಿಲು ಮತ್ತು ಮುಚ್ಚಳಗಳ ಗೆರೆಗಳನ್ನು ಆಳ ಮಾಡುವುದು. ಇದನ್ನು ಬಿಟ್ಟುಬಿಡುವವರು ಬಹಳ. ಕಿಟ್‌ನಲ್ಲಿ ಗೆರೆ ಇದ್ದೇ ಇರುತ್ತದೆ, ಆದರೆ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ), ಬಣ್ಣ, ಹೊಳಪು ಎಲ್ಲ ಸೇರಿ ಅದನ್ನು ತುಂಬಿಬಿಡುತ್ತವೆ. ಕೊನೆಗೆ ಬಾಗಿಲು ತೆರೆಯದ, ಬೆಸುಗೆ ಹಾಕಿದಂಥ ಕಾರು ಉಳಿಯುತ್ತದೆ. ಮೊಂಡಾದ ಕಟರ್ ಬ್ಲೇಡಿನ ಬೆನ್ನನ್ನು ಗೆರೆಯೊಳಗೆ ಇಟ್ಟು, ಸ್ವಲ್ಪವೂ ಒತ್ತದೆ, ಒಂದೇ ದಿಕ್ಕಿನಲ್ಲಿ ಮತ್ತೆ ಮತ್ತೆ ಎಳೆದರೆ ಪ್ಲಾಸ್ಟಿಕ್ ದಾರದಂತೆ ಸುರುಳಿಯಾಗಿ ಬರುತ್ತದೆ. ಅಗಲ ಹೆಚ್ಚಬಾರದು, ಆಳ ಮಾತ್ರ ಹೆಚ್ಚಬೇಕು. ಬೀಟಲ್‌ನಲ್ಲಿ ಇದೇ ಕೆಲಸ ಮಡ್‌ಗಾರ್ಡ್ ಬಾಡಿಗೆ ಸೇರುವಲ್ಲಿಯೂ ಬೇಕು. ನಿಜವಾದ ಕಾರಿನಲ್ಲಿ ನಾಲ್ಕೂ ಮಡ್‌ಗಾರ್ಡ್‌ಗಳು ಬೋಲ್ಟ್ ಹಾಕಿ ಬಿಗಿದ ಬಿಡಿ ಭಾಗಗಳು; ನಡುವೆ ನೀರು ಸೇರದಂತೆ ಒಂದು ಬೀಡಿಂಗ್ ಪಟ್ಟಿ ಓಡುತ್ತದೆ. ಆ ಸಂದು ಚೊಕ್ಕವಾಗಿ ಕಂಡರೆ ಕಾರು ತಗಡಿನದು ಅನ್ನಿಸುತ್ತದೆ. ಪುಟ್ಟಿ ತುಂಬಿ ನುಣ್ಣಗೆ ಮಾಡಿದರೆ ಸಾಬೂನಿನಲ್ಲಿ ಕೊರೆದದ್ದು ಅನ್ನಿಸುತ್ತದೆ.

ಚಕ್ರದ ಮೇಲಿನ ಕಮಾನಿನ ಅಂಚನ್ನೂ ಒಳಗಡೆಯಿಂದ ಕೆರೆದು ತೆಳ್ಳಗೆ ಮಾಡಿದೆ. ಹೊರಗಿನ ಆಕಾರ ಒಂದಿಷ್ಟೂ ಬದಲಾಗುವುದಿಲ್ಲ. ಅಂಚಿನಲ್ಲಿ ಕಾಣುವ ದಪ್ಪ ಮಾತ್ರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ತಾಳ್ಮೆ ಬೇಡುವ ಕೆಲಸ, ಆದರೆ ಇಡೀ ಕಾರಿನಲ್ಲಿ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಬಣ್ಣ

ಬಣ್ಣಕ್ಕೆ ಕರಾವಳಿಯಲ್ಲಿ ಕಾಲ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಿನ್ನರ್ ಬೆರೆಸಿ ಸಿಂಪಡಿಸುವ, ಬೇಗ ಆರುವ ಲ್ಯಾಕರ್ ಬಣ್ಣವನ್ನು ನಾನು ಮುಟ್ಟುವುದೇ ಇಲ್ಲ. ಥಿನ್ನರ್ ಆರುವಾಗ ಮೇಲ್ಮೈಯ ಶಾಖ ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲ್ಮೈಗೆ ಮಳೆಗಾಲದ ಗಾಳಿಯ ತೇವ ಇಳಿದು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಗಾಢ ಬಣ್ಣವಾದರೆ ಬಿಳಿಯ ಮಂಜು ಕವಿದಂತಾಗುತ್ತದೆ. ನಿಧಾನವಾಗಿ ಆರುವಂತೆ ಮಾಡುವ ರಿಟಾರ್ಡರ್ ಬೆರೆಸಿದರೆ ಸ್ವಲ್ಪ ತಡೆಯಬಹುದು, ಪೂರ್ತಿ ಅಲ್ಲ. ಮಳೆಗಾಲವನ್ನು ಕೆರೆಯುವುದು, ಉಜ್ಜುವುದು, ಎಂಜಿನ್ ಜೋಡಿಸುವುದಕ್ಕೆ ಇಟ್ಟುಕೊಂಡು, ಬಣ್ಣವನ್ನು ನವೆಂಬರ್‌ನ ಒಣ ಮಧ್ಯಾಹ್ನಗಳಿಗೆ ಬಿಡುತ್ತೇನೆ. ಬೆಂಗಳೂರಿನವರಿಗೆ ಇಷ್ಟು ಕಟ್ಟುಪಾಡು ಬೇಕಿಲ್ಲ.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಅದು ಪಾಲಿಸ್ಟೈರೀನನ್ನು ಕರಗಿಸುತ್ತದೆ ಎಂಬುದು ನೆನಪಿರಲಿ. ಅದರಿಂದ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) ತೊಳೆಯಿರಿ. ಬರಿಯ ಪ್ಲಾಸ್ಟಿಕ್ ಮೇಲೆ ತೋಯುವಂತೆ ಹೊಡೆಯಬೇಡಿ. ಮಾಸ್ಕ್ ಹಾಕದೆ, ಕಿಟಕಿ ತೆರೆಯದೆ ಸಿಂಪಡಿಸುವುದಂತೂ ಬೇಡವೇ ಬೇಡ.

ಆರಿಸಿಕೊಂಡ ಬಣ್ಣ ಜಾವಾ ಗ್ರೀನ್, ಫೋಕ್ಸ್‌ವ್ಯಾಗನ್‌ನ ಪಟ್ಟಿಯಲ್ಲಿ ಎಲ್ 518. ಕಡು ಹಸಿರು, ನೆರಳಿನಲ್ಲಿ ಕಪ್ಪಿಗೆ ಹತ್ತಿರ. ಬಾಟಲಿಯ ಮುಚ್ಚಳದ ಬಣ್ಣವನ್ನು ನಂಬದೆ ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಹೊಡೆದು, ಹಗಲಿನಲ್ಲೂ ಟ್ಯೂಬ್‌ಲೈಟಿನಲ್ಲೂ ನೋಡಿ, ಹಸಿರಿಗೆ ಒಂದಿಷ್ಟು ಬೂದು ಸೇರಿಸಿಕೊಂಡೆ. ಚಿಕ್ಕ ಮೇಲ್ಮೈಯಲ್ಲಿ ಗಾಢ ಬಣ್ಣ ಇನ್ನೂ ಗಾಢವಾಗಿ ಕಾಣುವುದರಿಂದ ಈ ತಿದ್ದುಪಡಿ ಬೇಕಾಗುತ್ತದೆ.

ಹೊಳಪಿನ ಬಗ್ಗೆ ನನ್ನದು ಖಚಿತ ಅಭಿಪ್ರಾಯ. 1966ರ ಬೀಟಲ್‌ಗೆ ಇಂದಿನ ಕಾರುಗಳ ಹಾಗೆ ಮೇಲೊಂದು ಪಾರದರ್ಶಕ ಕ್ಲಿಯರ್ ಕೋಟ್ ಇರಲಿಲ್ಲ. ಒಲೆಯಲ್ಲಿ ಕಾಯಿಸಿ ಗಟ್ಟಿಮಾಡಿದ ಎನಾಮೆಲ್ ಬಣ್ಣ, ಬಣ್ಣವೇ ಹೊಳಪು. ಅದರ ಮೇಲೆ ವರ್ಕ್‌ಶಾಪ್‌ನ ಎರಡು ಭಾಗ ಬೆರೆಸುವ ಕ್ಲಿಯರನ್ನು ದಪ್ಪನಾಗಿ ಸುರಿದರೆ ಕಾರು ಪಾಕದಲ್ಲಿ ಅದ್ದಿದ ಜಾಮೂನಿನಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: ನಿಜವಾದ ಕಾರಿನ ಬಣ್ಣದ ಒಟ್ಟು ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ನಾವು ಮಾದರಿಯ ಮೇಲೂ ಅಷ್ಟೇ ದಪ್ಪ ಹೊಡೆದರೆ ಅದು ಆ ಕಾರಿನ ಅಳತೆಯಲ್ಲಿ 2.4 ಮಿಲಿಮೀಟರ್ ಆಗುತ್ತದೆ. ಗೆರೆಗಳು ಮುಳುಗುವುದು, ಅಂಚುಗಳು ಮೊಂಡಾಗುವುದು ಇದರಿಂದಲೇ.

ಆದ್ದರಿಂದ ಪ್ರೈಮರ್ ತೆಳುವಾಗಿ ಒಂದು ಸುತ್ತು, ಅದನ್ನು 1500ರ ಪೇಪರ್‌ನಿಂದ ಸವರಿ, ಬಣ್ಣ ಮೂರು ತೆಳು ಪದರ. ಪ್ರತಿ ಪದರವೂ ಹಿಂದಿನದರ ಮೇಲೆ ಪೂರ್ತಿ ಒದ್ದೆಯಾಗಿ ಬಿದ್ದ ಕೂಡಲೇ ಕೈ ತೆಗೆಯಬೇಕು. ಕ್ಲಿಯರ್ ಹಾಕಲಿಲ್ಲ. ಪೂರ್ತಿ ಗಟ್ಟಿಯಾಗುವವರೆಗೆ ಧೂಳಿಲ್ಲದ ಡಬ್ಬಿಯಲ್ಲಿ ಮುಚ್ಚಿಟ್ಟು, ಆಮೇಲೆ ಬಣ್ಣವನ್ನೇ ನುಣುಪಾದ ಪಾಲಿಶ್‌ನಿಂದ ತಿಕ್ಕಿದೆ. ಏಣುಗಳ ಮೇಲೆ ಬಣ್ಣ ಬೇಗ ಸವೆಯುತ್ತದೆ. ಬಾನೆಟ್ಟಿನ ನಡುವಿನ ಏರು, ಮಡ್‌ಗಾರ್ಡ್‌ನ ಅಂಚು ಇವುಗಳಿಗೆ ತೆಳು ಟೇಪ್ ಹಚ್ಚಿ, ಕೊನೆಯಲ್ಲಿ ಟೇಪ್ ಕಿತ್ತು ಬರಿ ಬಟ್ಟೆಯಿಂದ ಒರೆಸಿದೆ. ಬಂದ ಹೊಳಪು ಆಳವಾದದ್ದು, ಆದರೆ ಗಾಜಿನದಲ್ಲ.

ಕ್ರೋಮ್

ಕಿಟ್‌ನ ಬಂಪರ್, ಹಬ್‌ಕ್ಯಾಪ್‌ಗಳು ಕ್ರೋಮ್ ಲೇಪನದಲ್ಲೇ ಬರುತ್ತವೆ. ಅದು ಕ್ರೋಮಿಯಂ ಅಲ್ಲ. ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ ಅಲ್ಯೂಮಿನಿಯಂನ ಅತಿ ತೆಳು ಪದರ, ಕೆಳಗೆ ವಾರ್ನಿಷ್. ಅಚ್ಚಿನ ಗೆರೆ ಬಂಪರ್‌ನ ಮೇಲೂ ಓಡಿರುತ್ತದೆ, ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನಿಂದ ಕತ್ತರಿಸಿದ ಜಾಗದಲ್ಲಿ ಪ್ಲಾಸ್ಟಿಕ್ ಬಿಳುಚಿ ಕಾಣುತ್ತದೆ. ಹಬ್‌ಕ್ಯಾಪ್‌ಗಳನ್ನು ಹಾಗೇ ಉಳಿಸಿಕೊಂಡೆ. ಬಂಪರ್‌ಗಳನ್ನು ಬಟ್ಟೆ ಬಿಳುಪಾಗಿಸುವ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿ ಲೇಪನ ಕಳಚಿದೆ. ಅಲ್ಯೂಮಿನಿಯಂ ಬೇಗ ಕರಗುತ್ತದೆ, ವಾರ್ನಿಷ್ ಉಳಿಯುತ್ತದೆ. ಅದನ್ನು ಪೇಪರ್‌ನಿಂದ ಉಜ್ಜಿದೆ. ಗೆರೆ ತೆಗೆದು, ಹೊಳೆಯುವ ಕಪ್ಪು ಹೊಡೆದು, ಅದು ಕನ್ನಡಿಯಂತೆ ಆರಿದ ಮೇಲೆ ಏರ್‌ಬ್ರಷ್‌ನಲ್ಲಿ ಕ್ರೋಮ್ ಬಣ್ಣವನ್ನು ಮಂಜಿನಂತೆ ಬಿಟ್ಟೆ. ಕೆಳಗಿನ ಕಪ್ಪಿನ ನುಣುಪೇ ಮೇಲಿನ ಕ್ರೋಮ್‌ನ ಗುಣವನ್ನು ನಿರ್ಧರಿಸುತ್ತದೆ.

ಬದಿಯುದ್ದಕ್ಕೂ ಓಡುವ ಹೊಳಪು ಪಟ್ಟಿಗೆ ಬೇರೆ ದಾರಿ. ನಿಜವಾದ ಪಟ್ಟಿ ಒಂದು ಸೆಂಟಿಮೀಟರಿನ ಆಸುಪಾಸು, ಅಂದರೆ ಮಾದರಿಯಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ. ಕುಂಚದಿಂದ ಬರೆದರೆ ಕೈ ಅಲುಗುತ್ತದೆ. ಹಿಂಬದಿ ಅಂಟಿರುವ ಲೋಹದ ತೆಳುಹಾಳೆಯನ್ನು ಹಚ್ಚಿ, ಹಲ್ಲುಕಡ್ಡಿಯಿಂದ ಒತ್ತಿ ಕೂರಿಸಿ, ಹೊಸ ಬ್ಲೇಡಿನಿಂದ ಎರಡೂ ಅಂಚು ಕೊಯ್ದು ಉಳಿದದ್ದನ್ನು ಎತ್ತುವುದೇ ಸರಿ. ಬ್ಲೇಡು ಹೊಸದಾಗಿರಲೇಬೇಕು, ಸ್ವಲ್ಪ ಮೊಂಡಾದರೂ ಹಾಳೆ ಕೊಯ್ಯುವ ಬದಲು ಹರಿಯುತ್ತದೆ.

ಎಂಜಿನ್, ಗಾಜು, ಚಕ್ರ

ಎಂಜಿನ್ ಹಿಂದಿರುವುದು ಬೀಟಲ್‌ನ ಸೊಗಸು. ಗಾಳಿಯಿಂದ ತಣಿಯುವ, ಎದುರುಬದುರು ಮಲಗಿದ ನಾಲ್ಕು ಸಿಲಿಂಡರ್. ಮುಚ್ಚಳ ಎತ್ತಿದರೆ ಕಾಣುವುದು ಮುಖ್ಯವಾಗಿ ಫ್ಯಾನಿನ ಕಪ್ಪು ತಗಡಿನ ಕವಚ, ಅದರ ಮುಂದೆ ಡೈನಮೊ, ಬೆಲ್ಟು, ಸೋಲೆಕ್ಸ್ ಕಾರ್ಬ್ಯುರೇಟರಿನ ಮೇಲೆ ಕುಳಿತ ಏರ್ ಫಿಲ್ಟರ್. ತಮಿಯಾ ಇವನ್ನೆಲ್ಲ ಕೊಟ್ಟಿದೆ. ಕೊಡದಿರುವುದು ತಂತಿಗಳನ್ನು. ಹಳೆಯ ಇಯರ್‌ಫೋನ್ ವೈರಿನೊಳಗಿನ ಎಳೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ನಾಲ್ಕು ತಂತಿ ಹೊರಡುತ್ತವೆ, ಉರಿಯುವ ಕ್ರಮ 1-4-3-2. ಒಂದು, ಎರಡನೆಯ ಸಿಲಿಂಡರ್ ಕಾರಿನ ಬಲಬದಿಗೆ, ಮೂರು, ನಾಲ್ಕನೆಯದು ಎಡಬದಿಗೆ. ಹಾಗಾಗಿ ಎರಡು ತಂತಿ ಬಲಕ್ಕೆ, ಎರಡು ಎಡಕ್ಕೆ. ಕವಚಕ್ಕೆ ಪೂರ್ತಿ ಹೊಳಪಿನ ಕಪ್ಪು ಬೇಡ, ಅರೆಹೊಳಪು ಸಾಕು. ಡೈನಮೊ ಮತ್ತು ಬೆಲ್ಟು ಅದಕ್ಕಿಂತ ಮಂಕಾಗಿರಬೇಕು. ಮೂರು ಬಗೆಯ ಕಪ್ಪು ಇದ್ದರೆ ಎಂಜಿನ್ ಕೋಣೆಗೆ ಆಳ ಬರುತ್ತದೆ.

ಗಾಜಿನ ವಿಷಯದಲ್ಲಿ ಕಿಟ್‌ನ ಪಾರದರ್ಶಕ ಭಾಗಗಳನ್ನು ಮುಂದೆ ಮತ್ತು ಹಿಂದೆ ಮಾತ್ರ ಬಳಸಿದೆ, ಅವುಗಳ ಅಂಚಿಗೆ ಕಪ್ಪು ಮಾರ್ಕರ್ ಎಳೆದು. ಹಾಗೆ ಮಾಡಿದರೆ ಅಂಚಿನ ದಪ್ಪ ರಬ್ಬರ್ ಪಟ್ಟಿಯ ನೆರಳಿನಲ್ಲಿ ಅಡಗುತ್ತದೆ. ಬದಿಯ ಗಾಜುಗಳು ಹೆಚ್ಚು ಕಡಿಮೆ ಚಪ್ಪಟೆ. ಅವಕ್ಕೆ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್‌ಗೆ ಹಾಕುವ ಪಾರದರ್ಶಕ ಹಾಳೆಯಲ್ಲಿ ತೀರ ತೆಳ್ಳಗಿನದನ್ನು ಆರಿಸಿ ಕತ್ತರಿಸಿಕೊಂಡೆ. ಅಂಟಿಸಲು ಫೆವಿಕಾಲ್. ಒಣಗಿದ ಮೇಲೆ ಕಾಣುವುದಿಲ್ಲ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಫೆವಿಕ್ವಿಕ್‌ನಂಥ ಅಂಟನ್ನು ಗಾಜಿನ ಹತ್ತಿರ ತರಬಾರದು. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿಯ ಬೂಷ್ಟಿನಂತೆ ಕೂರುತ್ತದೆ.

ಚಕ್ರಗಳಲ್ಲಿ ಗಮನಿಸಬೇಕಾದದ್ದು ಅಗಲ. ಆಗಿನ ಬೀಟಲ್‌ನ ಟೈರು 5.60-15, ಅಂದರೆ ಅಗಲ 5.6 ಇಂಚು, ಮಾದರಿಯಲ್ಲಿ ಆರು ಮಿಲಿಮೀಟರಿಗಿಂತ ಚೂರು ಕಡಿಮೆ. ಅಗಲ ಟೈರು ಹಾಕಿ ಕೆಳಗಿಳಿಸಿದ ಬೀಟಲ್ ಬೇರೆಯದೇ ಚೆಲುವು, ಆದರೆ ಅದು 1966ರಲ್ಲಿ ಕಾರ್ಖಾನೆಯಿಂದ ಹೊರಟ ಕಾರಲ್ಲ. ಟೈರಿನ ನೆಲ ಮುಟ್ಟುವ ಭಾಗವನ್ನು ಒರಟು ಪೇಪರ್‌ನಲ್ಲಿ ಒಂದೆರಡು ಸಲ ಉರುಳಿಸಿದರೆ ಹೊಸ ರಬ್ಬರಿನ ಹೊಳಪು ಹೋಗುತ್ತದೆ. ತೀರ ಹಳೆಯ ಕಿಟ್‌ಗಳನ್ನು ಕೊಳ್ಳುವವರು ಮೆದು ವಿನೈಲ್ ಟೈರುಗಳನ್ನು ಬೇರೆ ಪೊಟ್ಟಣಕ್ಕೆ ಹಾಕಿಡಬೇಕು. ಅವುಗಳಿಂದ ಒಸರುವ ಎಣ್ಣೆಯಂಥ ಪದಾರ್ಥ ಪಾಲಿಸ್ಟೈರೀನ್ ಚಕ್ರವನ್ನೂ ಗಾಜನ್ನೂ ಕರಗಿಸಿ ಗುರುತು ಬಿಡುತ್ತದೆ.

ಹಸಿರು ಕಾರಿಗೆ ವೈಪರ್, ಕನ್ನಡಿ, ನಂಬರ್ ಪ್ಲೇಟ್ ಕೂಡಿ ಮುಗಿಯಿತು. ರೆವೆಲ್‌ನ 1968ರ ಬಾಡಿಯ ಗೆರೆಗಳನ್ನು ಕೊರೆದಾಗಿದೆ. ಬಲಬದಿಯ ಪೆಟ್ರೋಲ್ ಮುಚ್ಚಳದ ಸುತ್ತಿನ ಗೆರೆ ಉಳಿದಿದೆ. ನೇರ ಗೆರೆಗೆ ಒಗ್ಗಿದ ಬ್ಲೇಡು ಆ ಪುಟ್ಟ ತಿರುವಿನಲ್ಲಿ ದಾರಿ ತಪ್ಪುವ ಸಂಭವ ಹೆಚ್ಚು. ಅದೇ ಆಕಾರವನ್ನು ತೆಳು ಹಿತ್ತಾಳೆ ತಗಡಿನಲ್ಲಿ ಕತ್ತರಿಸಿ, ಟೇಪಿನಿಂದ ಬಾಡಿಗೆ ಹಚ್ಚಿ, ಅದರ ಅಂಚಿಗೆ ಒರಗಿಸಿ ಸೂಜಿಯಿಂದ ಸುತ್ತ ಎಳೆಯಬೇಕು. ತಗಡು ಕತ್ತರಿಸಿಟ್ಟುಕೊಂಡಿದ್ದೇನೆ. ಇದಕ್ಕೆ ಬಿಳಿ ಬಣ್ಣ ಎಂದು ನಿರ್ಧಾರವಾಗಿದೆ; ಬಿಳಿ ಬಣ್ಣ ಚೆನ್ನಾಗಿ ಮುಚ್ಚಬೇಕಾದರೆ ಪದರ ಹೆಚ್ಚು ಬೇಕಾಗುತ್ತದೆ, ಹಾಗಾಗಿ ಈ ಬಾಡಿಯ ಗೆರೆಗಳನ್ನು ಹಸಿರು ಕಾರಿಗಿಂತ ಆಳವಾಗಿಯೇ ಕೊರೆದಿದ್ದೇನೆ.